‘ತಾಂತ್ರಿಕ ದೋಷ’ ಅಂದರೆ ಯಾವ ದೋಷ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಪೇಪರ್ ತೆರೆದರೆ ಒಂದು ಮಾತು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಪಿಂಚಣಿ ಬರಲಿಲ್ಲ, ತಾಂತ್ರಿಕ ದೋಷ. ಅಂಕಪಟ್ಟಿಯಲ್ಲಿ ಹೆಸರು ಅದಲುಬದಲು, ತಾಂತ್ರಿಕ ದೋಷ. ಕರೆಂಟ್ ಬಿಲ್ ಹತ್ತು ಪಟ್ಟು ಬಂತು, ಅದೂ ತಾಂತ್ರಿಕ ದೋಷ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಯಾವ ದೋಷ ಅಂತ ಯಾರೂ ಕೇಳಿರುವುದಿಲ್ಲ. ಕಳೆದ ಜೂನ್‌ನಲ್ಲಿ ಅದೇ ಎರಡು ಪದವನ್ನು ನಾನೂ ನೋಟಿಸ್ ಬೋರ್ಡಿನಲ್ಲಿ ಬರೆಯಲು ಹೊರಟಿದ್ದೆ. ಸೀಮೆಸುಣ್ಣ ಕೈಯಲ್ಲಿತ್ತು. ಹಾಗಾಗಿ ಈ ಪತ್ರ.

ನಾನು ತುಮಕೂರು ಜಿಲ್ಲೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಹಾಲು ಹಾಕುವವರು 142 ಜನ. ಬೆಳಗ್ಗೆ, ಸಂಜೆ ಎರಡು ಹೊತ್ತು. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲ ಮೆಷಿನ್‌ನಲ್ಲೇ ದಾಖಲಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಆ ಲೆಕ್ಕವನ್ನು ಪೆನ್‌ಡ್ರೈವ್‌ನಲ್ಲಿ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರ, ಅಂಕಿಗಳ ಫೈಲ್) ಆಗಿ ತಂದು, ಎಕ್ಸೆಲ್‌ನಲ್ಲಿ ತೆರೆದು, ನಮ್ಮ ಬಿಲ್ ಪುಸ್ತಕಕ್ಕೆ ಅಂಟಿಸಿ, ಒಂದು ಬಟನ್ ಒತ್ತುತ್ತಿದ್ದೆ. ಆ ಬಟನ್ ಹಿಂದೆ ಇದ್ದದ್ದು ಮ್ಯಾಕ್ರೋ. ಎಕ್ಸೆಲ್‌ಗೆ ಒಮ್ಮೆ ಕಲಿಸಿಟ್ಟ ಕೆಲಸದ ಸಾಲುಗಳು ಅಂದುಕೊಳ್ಳಿ. ಪಶು ಆಹಾರದ ಬಾಕಿ ಕಳೆದು ಒಬ್ಬೊಬ್ಬರಿಗೂ ಬಟವಾಡೆ ಚೀಟಿ ಮಾಡಿಕೊಡುತ್ತಿತ್ತು. ಆರು ವರ್ಷ ಹೀಗೇ ನಡೆಯಿತು, ಒಂದು ದಿನವೂ ಕೈ ಕೊಡಲಿಲ್ಲ.

ತಂಗಿ ಮಗ ಬೆಂಗಳೂರಿನಲ್ಲಿ ಇದೇ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಮೇ ತಿಂಗಳಲ್ಲಿ ಬಂದವನು, ‘ದೊಡ್ಡಮ್ಮ, ರಾತ್ರಿ ಹನ್ನೊಂದರ ತನಕ ಇದನ್ನ ಯಾಕೆ ಕುಟ್ತಾ ಕೂರ್ತೀಯ, ಅದರ ಪಾಡಿಗೆ ಅದು ಮಾಡ್ಕೊಳ್ಳುತ್ತೆ’ ಅಂದ. ಹನ್ನೆರಡು ಸಾಲಿನ ಒಂದು ಸ್ಕ್ರಿಪ್ಟ್ ಬರೆದ. ಅದು ಎಕ್ಸೆಲ್ ಅನ್ನು ಎಬ್ಬಿಸಿ, ಬಿಲ್ ಪುಸ್ತಕ ತೆರೆದು, ಮ್ಯಾಕ್ರೋ ಓಡಿಸಿ, ಮುಚ್ಚಬೇಕು. ಸಿಎಸ್‌ವಿ ಫೈಲನ್ನು ಇನ್ನು ನಾನು ತೆರೆಯುವ ಹಾಗಿಲ್ಲ, ಮ್ಯಾಕ್ರೋನೇ ತೆರೆಯುತ್ತದೆ. ರಾತ್ರಿ ಹತ್ತಕ್ಕೆ ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಶೆಡ್ಯೂಲರ್ ಅನ್ನುವ ಅಲಾರಂ ಅದನ್ನು ತಾನೇ ಚಾಲೂ ಮಾಡುತ್ತದೆ. ಯಾರೂ ಲಾಗಿನ್ ಆಗದಿದ್ದರೂ ಪರವಾಗಿಲ್ಲ. ಕೇಳಲು ಚೆನ್ನಾಗಿತ್ತು.

ಮೊದಲ ರಾತ್ರಿ ಓಡಿತು. ಬೆಳಗ್ಗೆ ನೋಡಿದರೆ ಚೀಟಿ ಇಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಬಿಲ್ ಪುಸ್ತಕ ತೆರೆದರೆ, ‘ಇದನ್ನು ಬೇರೆಯವರು ಬಳಸುತ್ತಿದ್ದಾರೆ, ಓದಲು ಮಾತ್ರ’ ಅಂತ ಬಂತು. ಆಫೀಸಿನಲ್ಲಿ ಇದ್ದದ್ದು ನಾನು ಮತ್ತು ಗೋಡೆ ಮೇಲಿನ ಹಲ್ಲಿ. ಫೋನ್ ಮಾಡಿ ‘ಕೆಲಸ ಮಾಡ್ತಿಲ್ಲ ಕಣೋ’ ಅಂದೆ. ‘ಕೆಲಸ ಮಾಡ್ತಿಲ್ಲ ಅಂದ್ರೆ ನಂಗೇನು ಗೊತ್ತಾಗುತ್ತೆ ದೊಡ್ಡಮ್ಮ, ಟಾಸ್ಕ್ ಮ್ಯಾನೇಜರ್ ತೆಗಿ, ಏನಿದೆ ಓದು’ ಅಂದ. ಒಳಗೆ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಅದು. ತೆಗೆದರೆ ಎಕ್ಸೆಲ್ ಅನ್ನುವ ಹೆಸರು ಮೂರು ಸಲ. ಪರದೆ ಮೇಲೆ ಒಂದೂ ಇಲ್ಲ.

ಕಾರಣ ನನ್ನ ಹಳೆ ಮ್ಯಾಕ್ರೋದಲ್ಲಿತ್ತು. ಕೆಲಸ ಮುಗಿದ ಮೇಲೆ ಅದು ‘ಬಿಲ್ ರೆಡಿ’ ಅಂತ ಒಂದು ಪುಟ್ಟ ಪೆಟ್ಟಿಗೆ ತೋರಿಸಿ, ನಾನು ಓಕೆ ಒತ್ತುವ ತನಕ ಕಾಯುತ್ತಿತ್ತು. ನಾನು ಎದುರಿಗಿದ್ದಾಗ ಅದು ಮರ್ಯಾದೆ. ರಾತ್ರಿ ಹತ್ತಕ್ಕೆ, ಪರದೆಯೇ ಇಲ್ಲದ ಕಡೆ ತೋರಿಸಿದರೆ ಓಕೆ ಒತ್ತುವವರು ಯಾರು? ಕಾಣದ ಪೆಟ್ಟಿಗೆ ಮುಂದೆ ಎಕ್ಸೆಲ್ ಮೂರು ದಿನ ನಿಂತಿತ್ತು, ಬಿಲ್ ಪುಸ್ತಕವನ್ನು ಬಿಗಿಯಾಗಿ ಹಿಡಿದುಕೊಂಡು. ಆಮೇಲೆ ತಿಳಿಯಿತು, ಎದುರಿಗೆ ಜನ ಇಲ್ಲದೆ ಎಕ್ಸೆಲ್‌ನಂಥ ಆಫೀಸ್ ತಂತ್ರಾಂಶವನ್ನು ಹೀಗೆ ಓಡಿಸುವುದನ್ನು ತಾವು ಬೆಂಬಲಿಸುವುದಿಲ್ಲ ಅಂತ ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ. ಆದರೂ ಊರ ತುಂಬ ಓಡಿಸುತ್ತಾರೆ. ಅಂಥವರಿಗೆ ಹುಡುಗ ಹೇಳಿದ ಒಂದು ಉಪಾಯ: ಮೊದಲು ಶೆಡ್ಯೂಲರ್‌ಗೆ ಕೊಡಬೇಡಿ. ಕಪ್ಪು ಕಮಾಂಡ್ ಕಿಟಕಿ ತೆರೆದು, ಸ್ಕ್ರಿಪ್ಟ್ ಹೆಸರು ಟೈಪ್ ಮಾಡಿ, ಎಕ್ಸೆಲ್ ಕಣ್ಣಿಗೆ ಕಾಣುವ ಹಾಗೆ ಮಾಡಿ, ಎದುರಿಗೆ ಕೂತು ಓಡಿಸಿ. ಎಲ್ಲಿ ನಿಲ್ಲುತ್ತದೆ ಗೊತ್ತಾಗುತ್ತದೆ. ಕಣ್ಣೆದುರು ನಾಲ್ಕು ಸಲ ಸರಿಯಾಗಿ ಓಡಿದ ಮೇಲೆ ಕತ್ತಲಿಗೆ ಬಿಡಿ.

ಹಾಗೆ ಕೂತು ಓಡಿಸಿದಾಗಲೇ ಕನ್ನಡದ ತೊಂದರೆ ಸಿಕ್ಕಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕನ್ನಡದಲ್ಲಿ ಲೆಕ್ಕ ಇಡುವ ಯಾವ ಆಫೀಸಿಗೂ ಇದು ಎದುರಾಗುತ್ತದೆ. ನಮ್ಮ ಬಿಲ್ ಪುಸ್ತಕದಲ್ಲಿ ಒಂದು ಹಾಳೆಯ ಹೆಸರು ‘ಬಟವಾಡೆ’. ಹುಡುಗ ಆ ಹೆಸರನ್ನು ಮ್ಯಾಕ್ರೋ ಬರೆಯುವ ಕಿಟಕಿಗೆ ಅಂಟಿಸಿದ. ಅಲ್ಲಿ ಕಂಡದ್ದು ಆರು ಪ್ರಶ್ನೆ ಚಿಹ್ನೆ. ನಾಲ್ಕಕ್ಷರದ ಪದಕ್ಕೆ ಆರು ಹೇಗೆ ಅಂತ ನಾನು ಕೂತು ಎಣಿಸಿದೆ. ಬ, ಟ, ವ, ಅದರ ಇಳಿ, ಡ, ಅದರ ಎತ್ವ. ಇಳಿ, ಎತ್ವಗಳನ್ನು ಕಂಪ್ಯೂಟರ್ ಬೇರೆ ಬೇರೆ ಲೆಕ್ಕ ಹಿಡಿಯುತ್ತದೆ! ಶಾಲೆಯಲ್ಲಿ ಕಾಗುಣಿತ ಕಲಿಸಿದ ಮೇಷ್ಟ್ರು ಇದ್ದಿದ್ದರೆ ಖುಷಿಪಡುತ್ತಿದ್ದರು.

ಎಕ್ಸೆಲ್ ಹಾಳೆ ಮೇಲೆ ಕನ್ನಡ ಎಷ್ಟು ಬೇಕಾದರೂ ಬರೆಯಬಹುದು. ಮ್ಯಾಕ್ರೋ ಬರೆಯುವ ಕಿಟಕಿ ಮಾತ್ರ 1993ರಲ್ಲಿ ಎಕ್ಸೆಲ್‌ಗೆ ಬಂದ ಕಾಲದ ಅಕ್ಷರ ಪದ್ಧತಿಯಲ್ಲೇ ನಿಂತಿದೆ, ಎಲ್ಲ ಭಾಷೆಗೂ ಜಾಗ ಇರುವ ಯೂನಿಕೋಡ್ ಪದ್ಧತಿಯನ್ನು ಹಿಡಿಯುವುದಿಲ್ಲ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಯೂನಿಕೋಡ್ ಬಿಟ್ಟರೆ ಬೇರೆ ಜಾಗವೇ ಇಲ್ಲ. ಹಾಗಾಗಿ ಪ್ರಶ್ನೆ ಚಿಹ್ನೆ. ತಮಾಷೆ ಅಂದರೆ ಹಳೆ ‘ನುಡಿ’ ತಂತ್ರಾಂಶದ ಅಕ್ಷರ ಅಲ್ಲಿ ಬದುಕುತ್ತಿತ್ತು, ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತಿತ್ತಲ್ಲ. ಆರು ಪ್ರಶ್ನೆ ಚಿಹ್ನೆಯ ಹೆಸರಿನ ಹಾಳೆ ಹುಡುಕಿ ಸಿಗದೆ ಎಕ್ಸೆಲ್ ‘ಎರರ್ 9’ ಅಂದಿತು. ಪರಿಹಾರ ಸುಲಭ. ಪ್ರತಿ ಹಾಳೆಗೂ ಹೊರಗೆ ಕಾಣದ ಒಂದು ಒಳಹೆಸರು ಇರುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಇಟ್ಟು ಅದನ್ನೇ ಕರೆದರಾಯಿತು. ಹೊರಗಿನ ಹೆಸರು ‘ಬಟವಾಡೆ’ಯೇ ಉಳಿಯುತ್ತದೆ. ಎಷ್ಟೋ ಆಫೀಸಿನಲ್ಲಿ ಇಂಥ ಎರರ್ ಬಂದ ಕೂಡಲೇ ‘ಕನ್ನಡ ಇಟ್ರೆ ಕಂಪ್ಯೂಟರ್ ಕೆಡುತ್ತೆ’ ಅಂತ ಎಲ್ಲವನ್ನೂ ಇಂಗ್ಲಿಷಿಗೆ ಬದಲಾಯಿಸುತ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ಭಾಷೆಯನ್ನೇ ಎತ್ತಿ ಆಚೆ ಹಾಕುವುದು!

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೆಷಿನ್ ಕೊಡುವ ಫೈಲ್‌ನ ಕೊನೇ ಸಾಲಿನಲ್ಲಿ ತಾರೀಖಿನ ಜಾಗದಲ್ಲಿ ‘ಟೋಟಲ್’ ಅಂತ ಇರುತ್ತದೆ. ಹುಡುಗ ತಿದ್ದಿಕೊಟ್ಟ ಹೊಸ ಮ್ಯಾಕ್ರೋ ಒಂದು ಸಾಲು ಜಾಸ್ತಿ ಓದಿ, ಆ ಪದವನ್ನು ತಾರೀಖು ಅಂದುಕೊಂಡು, ‘ಎರರ್ 13’ ಅಂತ ನಿಲ್ಲುತ್ತಿತ್ತು. ಹುಡುಗ ಬೆಂಗಳೂರಿಗೆ ಹೋಗಿಯಾಗಿತ್ತು. ಮೂರು ಸಲ ಫೋನ್ ಮಾಡಿದೆ, ಮೀಟಿಂಗ್. ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಅನ್ನುವ ಒಂದು ಸಾಲು ನನಗೆ ಹಳೇ ಕ್ಲಾಸಿನಿಂದ ನೆನಪಿತ್ತು. ತಪ್ಪಾದರೆ ಸುಮ್ನೆ ಮುಂದಿನ ಸಾಲಿಗೆ ಹೋಗು ಅಂತ ಅದರ ಅರ್ಥ. ಮೇಲೆ ಹಾಕಿದೆ. ಎರರ್ ಹೋಯಿತು, ಚೀಟಿ ಬಂತು. ಮೇ 16ರಿಂದ 31ರ ಬಿಲ್ ಪೈಸೆ ಪೈಸೆ ಸರಿ. ಒಂದು ಲೋಟ ಟೀ ಕುಡಿದು ಮನೆಗೆ ಹೋದೆ.

ಜೂನ್ 15ರ ರಾತ್ರಿ ಎದುರಿಗೆ ಯಾರೂ ಇಲ್ಲದೆ ಅದು ತಾನೇ ಓಡಿತು. ಬೆಳಗ್ಗೆ ಐದೂಮುಕ್ಕಾಲಿಗೆ ಬಂದವಳು, ಕ್ಯಾನ್ ಸದ್ದಿನ ನಡುವೆ, ನೋಡದೆ 142 ಚೀಟಿ ಪ್ರಿಂಟ್ ಕೊಟ್ಟೆ. ಶೆಡ್ಯೂಲರ್‌ನಲ್ಲಿ ‘ಯಶಸ್ವಿ’ ಅಂತಲೇ ಇತ್ತು. ಏಳು ಗಂಟೆಗೆ ನಮ್ಮ ಹಿರಿಯ ಸದಸ್ಯೆಯೊಬ್ಬರು ಚೀಟಿ ಹಿಡಿದುಕೊಂಡು ಬಂದರು. ‘ಏನವ್ವಾ, ನಮ್ಮ ಗೌರಿ ನಾಕು ದಿನ ಹಾಲು ಕೊಟ್ಟು ಹನ್ನೊಂದು ದಿನ ಉಪವಾಸ ಮಾಡಿದ್ಲಾ?’ ಅಂದರು. ಎಲ್ಲರ ಚೀಟಿಯಲ್ಲೂ ನಾಲ್ಕೇ ದಿನದ ಹಾಲು. ಹಣ ಬ್ಯಾಂಕಿಗೆ ಇನ್ನೂ ಹೋಗಿರಲಿಲ್ಲ, ಅಷ್ಟು ಪುಣ್ಯ.

ಎಂಟು ಗಂಟೆಗೆ ಅಧ್ಯಕ್ಷರು ಬಂದರು. ‘ತಾಂತ್ರಿಕ ದೋಷದಿಂದ ಬಿಲ್ ವ್ಯತ್ಯಾಸವಾಗಿದೆ ಅಂತ ಬೋರ್ಡಿಗೆ ಬರಿಯಮ್ಮ’ ಅಂದರು. ಸೀಮೆಸುಣ್ಣ ತೆಗೆದುಕೊಂಡೆ. ‘ತಾಂ’ ಅಂತ ಬರೆದು ನಿಲ್ಲಿಸಿದೆ. ಯಾವ ನಾಲ್ಕು ದಿನ ಅಂತ ನೋಡೋಣ ಅನ್ನಿಸಿತು. ನೋಡಿದರೆ 6, 13, 14, 15.

ಇದೆಂಥ ಲೆಕ್ಕ? ಫೈಲ್‌ನಲ್ಲಿ ಜೂನ್ 5 ಅನ್ನುವುದು 05/06 ಅಂತ ಇರುತ್ತದೆ. ನಾನು ಮೌಸ್‌ನಿಂದ ಎರಡು ಸಲ ಒತ್ತಿ ತೆರೆದರೆ ಎಕ್ಸೆಲ್ ನಮ್ಮ ಕಂಪ್ಯೂಟರಿನ ಭಾರತದ ಪದ್ಧತಿ ನೋಡಿ ಜೂನ್ 5 ಅಂತಲೇ ಓದುತ್ತದೆ. ಅದೇ ಫೈಲನ್ನು ಮ್ಯಾಕ್ರೋ ತೆರೆದರೆ ಅಮೆರಿಕದ ಪದ್ಧತಿ ಹಿಡಿಯುತ್ತದೆ. ತಿಂಗಳು ಮೊದಲು, ದಿನ ಆಮೇಲೆ. ಜೂನ್ 5 ಹೋಗಿ ಮೇ 6 ಆಯಿತು. ಜೂನ್ 12 ಹೋಗಿ ಡಿಸೆಂಬರ್ 6, ಇನ್ನೂ ಬಂದೇ ಇಲ್ಲದ ದಿನ. ಜೂನ್ 6 ಮಾತ್ರ ಹೇಗೆ ತಿರುಗಿಸಿದರೂ ಜೂನ್ 6. ಹದಿಮೂರನೇ ತಿಂಗಳು ಇಲ್ಲವಲ್ಲ, ಹಾಗಾಗಿ 13ರಿಂದ ಮುಂದಿನ ತಾರೀಖನ್ನು ಮುಟ್ಟದೆ ಬರೀ ಅಕ್ಷರವಾಗಿ ಬಿಟ್ಟಿತು, ಅದನ್ನು ನಮ್ಮ ಮ್ಯಾಕ್ರೋ ಸರಿಯಾಗಿ ಓದಿಕೊಂಡಿತು. ಮೇ ಕೊನೆಯ ಬಿಲ್ ಪೈಸೆ ತಪ್ಪದೆ ಬಂದದ್ದು ಅದಕ್ಕೇ. 16ರಿಂದ 31ರ ಒಳಗೆ ತಿರುಗಿಸಲು ಬರುವ ತಾರೀಖು ಒಂದೂ ಇಲ್ಲ! ಎರಡನೇ ಹದಿನೈದರಲ್ಲಿ ಪರೀಕ್ಷೆ ಮಾಡಿ ಎಲ್ಲ ಸರಿ ಅಂದುಕೊಂಡಿದ್ದೆವು.

ಹುಡುಗ ಫೈಲ್ ತೆರೆಯುವ ಸಾಲಿನ ಕೊನೆಗೆ ‘ಲೋಕಲ್: ಟ್ರೂ’ ಅಂತ ಸೇರಿಸಿದ. ಈ ಕಂಪ್ಯೂಟರಿನ ಪದ್ಧತಿಯಲ್ಲೇ ಓದು ಅಂತ ಅರ್ಥ. ಅಷ್ಟೇ ಆಗಿದ್ದರೆ ತಪ್ಪು ಅವನದು ಅಂತ ಬಿಡುತ್ತಿದ್ದೆ. ಆದರೆ ಅವನು ಇನ್ನೊಂದು ಕಾವಲು ಇಟ್ಟಿದ್ದ. ಚೀಟಿಗಳ ಒಟ್ಟು ಲೀಟರ್, ಫೈಲ್‌ನ ಟೋಟಲ್ ಸಾಲಿಗೆ ತಾಳೆಯಾಗದಿದ್ದರೆ ಎರರ್ ಎಬ್ಬಿಸಿ ನಿಲ್ಲಿಸು ಅಂತ. ಆ ರಾತ್ರಿ ತಾಳೆಯಾಗಲಿಲ್ಲ. ಎರರ್ ಎದ್ದಿತು. ತಪ್ಪಾದರೆ ಸುಮ್ನೆ ಮುಂದೆ ಹೋಗು ಅಂತ ನಾನು ಮೇಲೆ ಬರೆದಿದ್ದೆನಲ್ಲ, ಹೋಯಿತು. ನಾಯಿ ಬೊಗಳಿದೆ, ಬಾಯಿಗೆ ಬಟ್ಟೆ ಕಟ್ಟಿದವಳು ನಾನು.

ನೋಡಿ, ‘ತಾಂತ್ರಿಕ ದೋಷ’ ಅಂದರೆ ಎರಡು ಸಾಲು. ಒಂದು ಅವನು ಬರೆಯದೆ ಬಿಟ್ಟದ್ದು, ಇನ್ನೊಂದು ನಾನು ಬರೆದದ್ದು.

ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ 15,841 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಅಲ್ಲಿನ ಆರೋಗ್ಯ ಸಂಸ್ಥೆ ಮೊದಲು ಹೇಳಿದ್ದೂ ತಾಂತ್ರಿಕ ಸಮಸ್ಯೆ ಅಂತಲೇ. ಪತ್ರಕರ್ತರು ಬಿಡಲಿಲ್ಲ, ಯಾವ ಸಮಸ್ಯೆ ಅಂತ ಬೆನ್ನು ಹತ್ತಿದರು. ಲ್ಯಾಬ್‌ಗಳಿಂದ ಬಂದ ಸಿಎಸ್‌ವಿ ಫೈಲ್‌ಗಳನ್ನು ತಾನಾಗಿ ಹಳೆ ಮಾದರಿಯ ಎಕ್ಸೆಲ್ ಫೈಲ್‌ಗೆ ತುಂಬುತ್ತಿದ್ದರು. ಆ ಮಾದರಿ 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ. ತುಂಬಿದ ಮೇಲೆ ಬಂದದ್ದು ಸದ್ದಿಲ್ಲದೆ ಚೆಲ್ಲಿಹೋಯಿತು. ಸೋಂಕು ಬಂದವರ ಜೊತೆ ಓಡಾಡಿದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಕೇಳಿದ್ದಕ್ಕೆ ಇದು ಹೊರಬಂತು.

ನಿಮ್ಮ ವರದಿಗಾರರೂ ಕೇಳಲಿ. ಯಾವ ಫೈಲ್, ಎಲ್ಲಿ ನಿಂತಿತು, ನಿಂತದ್ದು ಯಾರಿಗೆ ಗೊತ್ತಾಯಿತು, ಯಾವತ್ತು ಅಂತ. ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ಇಷ್ಟು ಕೇಳಬಹುದು ಅಲ್ವಾ? ಇನ್ನೊಂದು ಸುದ್ದಿಯನ್ನೂ ದಯವಿಟ್ಟು ದೊಡ್ಡದಾಗಿ ಹಾಕಿ. ನಮ್ಮ ಸ್ಕ್ರಿಪ್ಟ್ ಬರೆದಿರುವ ವಿಬಿಸ್ಕ್ರಿಪ್ಟ್ ಭಾಷೆಯನ್ನು ವಿಂಡೋಸ್‌ನಿಂದ ಹಂತ ಹಂತವಾಗಿ ತೆಗೆಯುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲೇ ಹೇಳಿದೆ. ಇಂಥ ಹನ್ನೆರಡು ಸಾಲಿನ ಫೈಲ್ ನಂಬಿಕೊಂಡ ಆಫೀಸುಗಳು ನಮ್ಮ ಕಡೆ ಕಡಿಮೆ ಏನಿಲ್ಲ. ಬರೆದವರು ವರ್ಗವಾಗಿ ಹೋಗಿರುತ್ತಾರೆ. ಒಂದು ಬೆಳಗ್ಗೆ ಅದು ಓಡುವುದಿಲ್ಲ. ಆವತ್ತು ನಿಮ್ಮ ಪತ್ರಿಕೆಯಲ್ಲಿ ಮತ್ತೆ ಅದೇ ಎರಡು ಪದ ಬರುತ್ತದೆ.

ನಮ್ಮಲ್ಲಿ ಹುಡುಗ ಅದನ್ನು ಪವರ್‌ಶೆಲ್ ಅನ್ನುವ ಇನ್ನೊಂದು ಸ್ಕ್ರಿಪ್ಟ್ ಭಾಷೆಗೆ ಬದಲಾಯಿಸುತ್ತಿದ್ದಾನೆ. ನನ್ನ ಸಾಲು ತೆಗೆದಿದ್ದೇವೆ. ಈಗ ಪ್ರತಿ ಹೆಜ್ಜೆಯೂ ಒಂದು ಲಾಗ್ ಫೈಲ್‌ಗೆ ಬೀಳುತ್ತದೆ. ಎಷ್ಟು ಸಾಲು ಓದಿತು, ಮೊದಲ ದಿನ ಯಾವುದು, ಕೊನೇ ದಿನ ಯಾವುದು, ಒಟ್ಟು ಎಷ್ಟು ಲೀಟರ್. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಲ್ಲೇ ಬರೆಯುತ್ತದೆ. ಲೀಟರನ್ನು ಹಾಲಿನ ಲಾರಿಯ ಟ್ರಕ್ ಶೀಟ್ ಜೊತೆ ನಾನೇ ಪೆನ್ನಿನಲ್ಲಿ ಟಿಕ್ ಹಾಕಿ ನೋಡಿ ಆಮೇಲೆ ಪ್ರಿಂಟ್ ಕೊಡುತ್ತೇನೆ.

ಆವತ್ತು ಬೋರ್ಡಿನಲ್ಲಿ ‘ತಾಂ’ ಅಳಿಸಿ ಹೀಗೆ ಬರೆದೆ: ‘ಕಂಪ್ಯೂಟರಿನಲ್ಲಿ ದಿನ, ತಿಂಗಳು ಅದಲುಬದಲಾಗಿ 11 ದಿನದ ಹಾಲು ಚೀಟಿಯಲ್ಲಿ ಬಿಟ್ಟುಹೋಗಿದೆ. ನೋಡದೆ ಪ್ರಿಂಟ್ ಮಾಡಿದ್ದು ಕಾರ್ಯದರ್ಶಿಯ ತಪ್ಪು. ಹಳೆ ಚೀಟಿ ಕೊಟ್ಟು ಹೊಸದು ತೆಗೆದುಕೊಂಡು ಹೋಗಿ.’ ಅಧ್ಯಕ್ಷರು ಓದಿ ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಸಂಜೆ ಹೊತ್ತಿಗೆ 140 ಚೀಟಿ ವಾಪಸ್ ಬಂತು. ಒಂದರಲ್ಲಿ ಆಗಲೇ ಅಡಿಕೆ ಕಟ್ಟಿಯಾಗಿತ್ತು. ಇನ್ನೊಂದು ಗೌರಿಯ ಯಜಮಾನಿಯದು. ಕೊಡುವುದಿಲ್ಲವಂತೆ, ಮುಂದಿನ ವಾರ್ಷಿಕ ಸಭೆಗೆ ಬೇಕಂತೆ.

ಇಂತಿ,
ಮಹಿಳಾ ಹಾಲು ಸಂಘವೊಂದರ ಕಾರ್ಯದರ್ಶಿ,
ತುಮಕೂರು ಜಿಲ್ಲೆ