ಊಟಕ್ಕೆ ಕೂರಿಸಬಹುದಾ ಅಂತ ಕೇಳಿದ್ದೀಯಲ್ಲ

ಚಿಕ್ಕಬಳ್ಳಾಪುರ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟು,

ಕರ್ತನ ಹೆಸರಿನಲ್ಲಿ ವಂದನೆ. ನಿನ್ನ ಉದ್ದದ ವಾಟ್ಸಾಪ್ ಮೆಸೇಜನ್ನು ಮೂರು ಸಲ ಓದಿದೆ. ಅಷ್ಟು ಉದ್ದದ್ದಕ್ಕೆ ಆ ಫೋನಿನಲ್ಲಿ ಉತ್ತರ ಒತ್ತುತ್ತಾ ಕೂತರೆ ನನಗೆ ಕ್ರಿಸ್‌ಮಸ್ಸೇ ಬಂದುಬಿಡುತ್ತದೆ. ಅದಕ್ಕೇ ಕಾಗದ.

ತಾನು ಗೇ ಅಂತ ನಿನ್ನ ಹತ್ತಿರ ಹೇಳಿಕೊಂಡ ಸ್ನೇಹಿತನ ಹೆಸರು ಬರೆದಿಲ್ಲ, ಒಳ್ಳೆಯದು ಮಾಡಿದೆ. ಆದರೆ ನಿನ್ನ ಜೊತೆ ಸಂಡೇ ಸ್ಕೂಲಿನಲ್ಲಿ ಕೂತು, ಈಗ ಬೆಂಗಳೂರಿನಲ್ಲಿ ನಿನ್ನ ರೂಮಿನಲ್ಲೇ ಇರುವವರು ಎಷ್ಟು ಜನ? ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು, ಹಾಜರಿ ಕೂಗದೆಯೇ ಯಾರು ಬಂದಿಲ್ಲ ಅಂತ ಹೇಳುತ್ತಿದ್ದೆ. ಇರಲಿ. ನಿನ್ನ ದೊಡ್ಡಮ್ಮನಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನೀನೂ ಇದನ್ನು ಯುವಜನರ ಕೂಟದಲ್ಲಿ 'ಪ್ರಾರ್ಥನೆಯ ವಿಷಯ' ಅಂತ ಎತ್ತಬೇಡ. ನಮ್ಮಲ್ಲಿ ಅರ್ಧ ಚಾಡಿ ಊರು ಸುತ್ತುವುದು ಕಣ್ಣು ಮುಚ್ಚಿ ಕೈ ಜೋಡಿಸಿಕೊಂಡೇ. ರೋಮಾಪುರದವರಿಗೆ ಬರೆದ ಪತ್ರದ ಮೊದಲನೇ ಅಧ್ಯಾಯವನ್ನು ಎಲ್ಲರೂ ಸಲಿಂಗ ಸಂಬಂಧದ ಮಾತಿರುವ 26, 27ನೇ ವಚನಕ್ಕೆ ನಿಲ್ಲಿಸುತ್ತಾರೆ. ಇನ್ನು ಮೂರು ವಚನ ಓದು, ಚಾಡಿ ಹೇಳುವವರೂ ಅದೇ ಪಟ್ಟಿಯಲ್ಲಿದ್ದಾರೆ.

ಅವನು ಗೇ ಅಂತ ಹೇಳಿಕೊಂಡ ಮೇಲೆ ನಮ್ಮ ಸಭೆಯ ಸುಗ್ಗಿ ಹಬ್ಬಕ್ಕೆ ಮನೆಗೆ ಕರೆತರಬಹುದಾ, ಜೊತೆಗೆ ಊಟಕ್ಕೆ ಕೂರಿಸಿದರೆ ಪಾಪಕ್ಕೆ ಒಪ್ಪಿಗೆ ಕೊಟ್ಟ ಹಾಗೆ ಆಗಲ್ವಾ ಅಂತ ಕೇಳಿದ್ದೀಯ.

ಮೊದಲು ನನ್ನ ನಂಬಿಕೆ ಹೇಳಿಬಿಡುತ್ತೇನೆ, ಆಮೇಲೆ ದೊಡ್ಡಪ್ಪ ಜಾರಿಕೊಂಡರು ಅನ್ನಬಾರದು. ಮದುವೆ ಗಂಡು ಹೆಣ್ಣಿನದು, ಅದರ ಹೊರಗಿನ ದೇಹ ಸಂಬಂಧ ಪಾಪ. ಮತ್ತಾಯ 19ರಲ್ಲಿ ಯೇಸುಸ್ವಾಮಿ ಹೇಳಿದ್ದನ್ನು ನಾನು ಹಾಗೇ ಓದುತ್ತೇನೆ. ಬೇರೆ ಥರ ಓದುವ ಕ್ರೈಸ್ತರು ಇದ್ದಾರೆ, ಅವರಲ್ಲಿ ನನಗಿಂತ ಓದಿಕೊಂಡವರೂ ಇದ್ದಾರೆ. ನನಗೆ ಒಪ್ಪಿಗೆಯಾಗಿಲ್ಲ. ಈ ವಯಸ್ಸಿನಲ್ಲಿ ಸುಮ್ನೆ ಒಪ್ಪಿದ ಹಾಗೆ ನಟಿಸಲಾರೆ.

ಆದರೆ ನಿನ್ನ ಸ್ನೇಹಿತ ಹೇಳಿದ್ದು ಏನು? ತನ್ನ ಮನಸ್ಸು ಯಾವ ಕಡೆ ವಾಲುತ್ತದೆ ಅಂತ. ಮಾಡಿದ್ದನ್ನಲ್ಲ. ಶೋಧನೆ, ಅಂದರೆ ಮನಸ್ಸಿನ ಸೆಳೆತ, ಬೇರೆ; ಪಾಪ ಬೇರೆ. ಸ್ವಾಮಿಗೂ ನಮ್ಮ ಹಾಗೆಯೇ ಎಲ್ಲ ಶೋಧನೆಗಳೂ ಬಂದವು, ಆದರೂ ಪಾಪ ಇರಲಿಲ್ಲ ಅಂತ ಇಬ್ರಿಯರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿದೆ. ಅವನು ಇದನ್ನು ಆರಿಸಿಕೊಂಡು ಬಂದನಾ? ನಿನ್ನನ್ನು ನಂಬಿ ಬಾಯಿ ಬಿಟ್ಟಿದ್ದಾನೆ. ಅದಕ್ಕೆ ಎಷ್ಟು ವರ್ಷ ಧೈರ್ಯ ಕೂಡಿಸಿದನೋ.

ಇನ್ನು ನೀನು ಬರೆದಿರುವ ವಚನ. 'ಅಂಥವನ ಜೊತೆ ಊಟವನ್ನೂ ಮಾಡಬೇಡಿ', ಒಂದನೇ ಕೊರಿಂಥ 5:11. ಪೌಲನು ಅದನ್ನು ಬರೆದದ್ದು ಅಪ್ಪನ ಹೆಂಡತಿಯನ್ನೇ ಇಟ್ಟುಕೊಂಡವನೊಬ್ಬನ ವಿಷಯಕ್ಕೆ. ಸಭೆಯವರು ಅಳುವುದು ಬಿಟ್ಟು ಉಬ್ಬಿಕೊಂಡಿದ್ದರು. ಆ ವಚನವನ್ನೇ ಪೂರ್ತಿ ಓದು. ದುರಾಶೆಯವನು, ಬೈಯುವವನು, ಕುಡುಕ, ಸುಲಿಯುವವನು, ಎಲ್ಲರೂ ಇದ್ದಾರೆ. ಅದನ್ನು ಹಿಡಿದು ಕ್ರಿಸ್‌ಮಸ್ ಊಟಕ್ಕೆ ಜನ ಕೂರಿಸಿದರೆ ನಮ್ಮ ಮನೆಯಲ್ಲಿ ಯಾರ ತಟ್ಟೆ ಉಳಿಯುತ್ತದೆ? ನಿನ್ನ ಚಿಕ್ಕಪ್ಪನ ತಟ್ಟೆಯನ್ನು ಯಾರಾದರೂ ಯಾವತ್ತಾದರೂ ತೆಗೆದಿದ್ದೇವಾ? ಕುಡಿದು ಬಂದ ದಿನವೂ ನಿನ್ನ ಅಜ್ಜಿ ಅವನಿಗೆ ಬಡಿಸಿಯೇ ಮಲಗುತ್ತಿದ್ದಳು.

ಈಗ ನಾನು ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. 1987ನೇ ಇಸವಿ. ಆಗ ನಾನು ಕೆಲಸದ ಮೇಲಿದ್ದ ಊರಿನ ಸಭೆಯಲ್ಲಿ ಹಾರ್ಮೋನಿಯಂ ನುಡಿಸುವವನೊಬ್ಬ ಇದ್ದ. ಊರು ಬೇಡ, ಹೆಸರು ಬೇಡ. ನನ್ನ ಮದುವೆಗೆ ಬಂದು ನುಡಿಸಿದ್ದ, ಕೊಟ್ಟ ದುಡ್ಡು ಮುಟ್ಟಲಿಲ್ಲ. ಅವನ ಬಗ್ಗೆ ಒಂದು ಮಾತು ಹುಟ್ಟಿತು. ಕಮಿಟಿ ಕೂತಿತು. ಅವತ್ತು ಜಾಸ್ತಿ ಗಂಟಲು ಏರಿಸಿದವರು ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ ತಿನ್ನುವವರು. ಹದಿನೈದನೇ ಕೀರ್ತನೆ ಬಡ್ಡಿಯ ಬಗ್ಗೆ ಏನು ಹೇಳುತ್ತದೆ ಅಂತ ಯಾರೂ ಪುಟ ತಿರುಗಿಸಲಿಲ್ಲ. ನಾನು ಕಾರ್ಯದರ್ಶಿ. ಅಕ್ಷರ ದುಂಡಗಿದೆ ಅಂತ ಕಾಗದ ಬರೆಯುವ ಕೆಲಸ ನನಗೇ ಬಂತು. 'ಮುಂದಿನ ಭಾನುವಾರದಿಂದ ತಾವು ಹಾರ್ಮೋನಿಯಂ ನುಡಿಸುವ ಅಗತ್ಯವಿಲ್ಲ.' ಕಾರಣ ಬರೆಯಲಿಲ್ಲ. ನಿಜ ಏನು ಅಂತ ಅವನನ್ನು ಕೂರಿಸಿ ಕೇಳಿಯೂ ಇರಲಿಲ್ಲ.

ಮುಂದಿನ ಭಾನುವಾರ ಬಂದ. ಹಿಂದಿನ ಬೆಂಚಿನಲ್ಲಿ ಕೂತು ಹಾಡಿದ. ನಾನು ತಿರುಗಿ ನೋಡಲಿಲ್ಲ. ಆಮೇಲಿನ ವಾರ ಬರಲಿಲ್ಲ. ಸ್ವಲ್ಪ ದಿನಕ್ಕೆ ಊರೇ ಬಿಟ್ಟ. ಎಷ್ಟೋ ತಿಂಗಳು ನಮ್ಮ ಹಾಡು ಒಂದೊಂದು ಚರಣಕ್ಕೆ ಒಂದೊಂದು ಶ್ರುತಿಯಲ್ಲಿ ಸಾಗುತ್ತಿತ್ತು. ಬಡ್ಡಿಯವರು ಮಾತ್ರ ಕಮಿಟಿಯಲ್ಲೇ ಇದ್ದರು.

ಅವತ್ತು ಪಾಪದ ಬಗ್ಗೆ ನಮಗಿದ್ದ ನಂಬಿಕೆ ತಪ್ಪು ಅಂತ ಇವತ್ತೂ ನಾನು ಹೇಳಲಾರೆ. ಆದರೆ ಆ ನಂಬಿಕೆ ಹೇಳುತ್ತಾ ಒಬ್ಬ ಮನುಷ್ಯನನ್ನು ಊರು ಬಿಡಿಸಿದೆವು. ಅವನಿಗೆ ಎರಡನೇ ಕಾಗದ ಬರೆಯಬೇಕಿತ್ತು. ಬರೆಯಲಿಲ್ಲ. ಈಗ ಎಲ್ಲಿಗೆ ಬರೆಯಲಿ?

ಪಾಪವನ್ನು ದ್ವೇಷಿಸು, ಪಾಪಿಯನ್ನು ಪ್ರೀತಿಸು ಅಂತ ನಿನಗೆ ಯಾರಾದರೂ ಹೇಳುತ್ತಾರೆ. ಆ ಮಾತು ಸತ್ಯವೇದದ್ದು ಅಂದುಕೊಂಡಿದ್ದರೆ ಹುಡುಕಿ ನೋಡು, ಸಿಗುವುದಿಲ್ಲ. ಗಾಂಧೀಜಿ ಈ ಥರದ ಮಾತು ಬರೆದು, ಅರ್ಥವಾಗುವುದು ಸುಲಭ, ನಡೆಸುವವರು ಅಪರೂಪ ಅಂತಲೂ ಸೇರಿಸಿದರು. ನಾನು ನೋಡಿದ ಮಟ್ಟಿಗೆ, ಮೊದಲನೇ ಅರ್ಧ ಮುಗಿಸುವಷ್ಟರಲ್ಲೇ ಜನರಿಗೆ ಸುಸ್ತಾಗಿರುತ್ತದೆ. ಕ್ಯಾಥೊಲಿಕ್ಕರ 1992ರ ಧರ್ಮೋಪದೇಶದ ಪುಸ್ತಕದಲ್ಲಿ ಆ ಕ್ರಿಯೆ ತಪ್ಪು ಅಂತ ಒಂದು ಕಡೆ ಇದೆ. ಅದರ ಬೆನ್ನಿಗೇ, ಇಂಥವರನ್ನು ಗೌರವದಿಂದ, ಕನಿಕರದಿಂದ ಸೇರಿಸಿಕೊಳ್ಳಬೇಕು, ಅನ್ಯಾಯದ ಭೇದ ಮಾಡಬಾರದು ಅಂತಲೂ ಇದೆ. ನಾವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರು, ಅದು ನಮ್ಮ ಪುಸ್ತಕ ಅಲ್ಲ. ಒಳ್ಳೆಯದನ್ನು ಪಕ್ಕದ ಮನೆಯಿಂದ ಕಡ ತಂದರೆ ಏನೂ ತಪ್ಪಿಲ್ಲ.

ಇದೆಲ್ಲ ಫಾರಿನ್ನಿನಿಂದ ಬಂದ ಗೀಳು ಅನ್ನುವವರೂ ನಮ್ಮಲ್ಲಿದ್ದಾರೆ. ಇದನ್ನು ಅಪರಾಧ ಮಾಡಿದ 377ನೇ ಕಲಮೇ ಬ್ರಿಟಿಷರು 1860ರಲ್ಲಿ ಮಾಡಿದ ದಂಡ ಸಂಹಿತೆಯದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಇಬ್ಬರೂ ಒಪ್ಪಿದ್ದು ಅಪರಾಧ ಅಲ್ಲ ಅಂದಿತು. ಕೋರ್ಟು ಹಾಗೆ ಅಂದ ಮಾತ್ರಕ್ಕೆ ನನ್ನ ನಂಬಿಕೆ ಬದಲಾಗಲಿಲ್ಲ. ಆದರೆ ನಾನು ಪಾಪ ಅಂದುಕೊಂಡಿದ್ದಕ್ಕೆಲ್ಲ ಪೊಲೀಸರು ಬರಬೇಕಾ? ಹಾಗಿದ್ದರೆ ಜಂಬಕ್ಕೆ ಎಷ್ಟು ಜೈಲು ಕಟ್ಟಿಸುವುದು?

ಅವನ ಮನೆಯವರಿಗೆ ಗೊತ್ತಾದರೆ ಎರಡು ಸಲಹೆ ಬಂದೇ ಬರುತ್ತವೆ. ಒಂದು, ಎಲ್ಲಾದರೂ ಕರೆದುಕೊಂಡು ಹೋಗಿ ವಾಸಿ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ಡಾಕ್ಟರರ ವೃತ್ತಿಗೇ ತಪ್ಪು ಅಂತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ದೆವ್ವ ಬಿಡಿಸುತ್ತೇನೆ ಅಂತ ತಲೆ ಹಿಡಿದು ಅಲುಗಾಡಿಸುವವರ ಹತ್ತಿರವೂ ಬಿಡಬೇಡ. ಇನ್ನೊಂದು ಸಲಹೆ, ಒಂದು ಮದುವೆ ಮಾಡಿ, ಸರಿಹೋಗುತ್ತಾನೆ. ಇದಂತೂ ಬೇಡವೇ ಬೇಡ. ಬೇರೆಯವರ ಮನೆಯ ಹೆಣ್ಣುಮಗಳೇನು ಔಷಧಿನಾ? ಆ ಹುಡುಗಿಗೆ ಮಾಡುವ ಮೋಸ ಪಾಪ ಅಲ್ವಾ?

ನೀನು ಏನು ನಂಬುತ್ತೀಯ ಅಂತ ಅವನು ಕೇಳಿದರೆ ಹೇಳು. ಒಂದು ಸಲ, ಮೆತ್ತಗೆ. ಊಟಕ್ಕೆ ಕೂತಾಗಲೆಲ್ಲ ಹೇಳಬೇಡ. ಅವನು ನಮ್ಮ ಮಾತು ಒಪ್ಪದೇ ಹೋಗಬಹುದು, ಆಗಲೂ ತಟ್ಟೆ ತೆಗೆಯಬೇಡ. ಒಪ್ಪಿದ ಅಂತಲೇ ಇಟ್ಟುಕೋ. ಒಂಟಿಯಾಗಿ ಬಾಳು ಅಂತ ನಾವು ಹೇಳುವುದು ಚಿಕ್ಕ ಮಾತಾ? ನನಗೆ ಜ್ವರ ಬಂದರೆ ಗಂಜಿ ಕಾಸಲು ನಿನ್ನ ದೊಡ್ಡಮ್ಮ ಇದ್ದಾಳೆ. ಅವನಿಗೆ ಅರವತ್ತಾದಾಗ ಆಸ್ಪತ್ರೆಯಲ್ಲಿ ಪಕ್ಕ ಕೂರುವವರು ಯಾರು? ನಾವು ಕೂರುವುದಿಲ್ಲ ಅಂದಮೇಲೆ ಆ ಮಾತು ಹೇಳುವ ಬಾಯಿಯೂ ನಮಗಿಲ್ಲ.

ರಾತ್ರಿ ಹೊತ್ತು ಮಾತು ಬಿಟ್ಟು ಮಂಕಾಗಿ ಕೂತಿದ್ದರೆ ಒಬ್ಬನನ್ನೇ ಬಿಟ್ಟು ಹೋಗಬೇಡ. ಸರ್ಕಾರದ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಈಗಲೇ ಫೋನಿನಲ್ಲಿ ಹಾಕಿಕೋ.

ಹಬ್ಬಕ್ಕೆ ಇಬ್ಬರೂ ಶನಿವಾರವೇ ಬಂದುಬಿಡಿ. ಭಾನುವಾರ ಬೆಳಗ್ಗೆ ಹೊರಟರೆ ನಂದಿ ಬೆಟ್ಟಕ್ಕೆ ಬರುವವರ ಕಾರುಗಳ ಮಧ್ಯೆ ಸಿಕ್ಕಿಕೊಳ್ಳುತ್ತೀರಿ, ಆರಾಧನೆ ತಪ್ಪುತ್ತದೆ. ಹಬ್ಬದ ಕಾಣಿಕೆಯ ಹರಾಜಿಗೆ ಈ ಸಲ ನಮ್ಮ ಮನೆಯಿಂದ ಒಂದು ಬುಟ್ಟಿ ದ್ರಾಕ್ಷಿ, ಎರಡು ನಾಟಿ ಕೋಳಿ. ಮೂರನೆಯ ಕೋಳಿ ನಿಮಗೆ. ನಿನ್ನ ಸ್ನೇಹಿತ ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಮುದ್ದೆಯನ್ನು ನುಂಗಲು ಬರದೆ ಅಗಿಯುತ್ತಿದ್ದ. ಈಗಲಾದರೂ ಕಲಿತಿದ್ದಾನಾ, ಇಲ್ಲ ಅನ್ನಕ್ಕೆ ಇಡಲಾ ಅಂತ ದೊಡ್ಡಮ್ಮ ಕೇಳುತ್ತಿದ್ದಾಳೆ. ವಿಚಾರಿಸಿ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ