ಮೇಷ್ಟ್ರು ಬಂದರು, ಅಜ್ಜಿ ಕೂತಳು

ಪ್ರೀತಿಯ ತಂಗೀ,

ನಿನ್ನ ಕವಿತೆಯನ್ನು ಎರಡು ಸಲ ಓದಿದೆ. ಛಂದಸ್ಸು ಸರಿ ಇದೆಯಾ, ಯಾವ ಪತ್ರಿಕೆಗೆ ಕಳಿಸಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಬೇರೆ ಯಾರಾದರೂ ಹೇಳಿಕೊಡುತ್ತಾರೆ ಬಿಡು. ನನ್ನ ತಕರಾರು ಬೇರೆ.

ಚಳಿಗಾಲದಲ್ಲಿ ಫುಟ್‌ಪಾತ್ ಮೇಲೆ ಸ್ವೆಟರ್ ಮಾರುವ ಟಿಬೆಟನ್ ಅಜ್ಜಿ. ಎಪ್ಪತ್ತು ದಾಟಿದೆ ಅಂತ ನೀನೇ ಬರೆದಿದ್ದೀಯ. ಆಮೇಲೆ ನೋಡಿದರೆ 'ಕೂತಳು', 'ನಡುಗಿದಳು', 'ಪಾಪ, ನೆಲೆಯಿಲ್ಲದವಳು'. ಸ್ವೆಟರ್ ಕೊಳ್ಳಲು ಬಂದ ಮೇಷ್ಟ್ರು ಮಾತ್ರ 'ಬಂದರು', 'ನಕ್ಕರು'. ಯಾಕಮ್ಮಾ? ಕನ್ನಡದಲ್ಲಿ ಧಾಟಿ ಕೂತಿರುವುದು ಕ್ರಿಯಾಪದದ ಬಾಲದಲ್ಲಿ. ನಿರಾಶ್ರಿತರನ್ನು ಗೌರವಿಸಿ ಅಂತ ಕೊನೆಯ ಸಾಲಲ್ಲಿ ಕೂಗಿದ್ದೀಯ. ಅಷ್ಟರಲ್ಲಿ ಹದಿನಾರು ಸಾಲು ಏಕವಚನದಲ್ಲಿ ಮಾತಾಡಿ ಆಗಿದೆ.

ಮನೆಯಲ್ಲೂ 'ಅಜ್ಜಿ ಬಂದಳು' ಅಂತೀವಲ್ಲ ಅಂತೀಯ. ಅಂತೀವಿ, ಅದು ಸಲಿಗೆ. ಇವರ ಹೆಸರಾದರೂ ಕೇಳಿದ್ದೀಯಾ ನೀನು?

ಸುಮ್ನೆ ಬೈಯುತ್ತಿಲ್ಲ. ಇದೇ ತಪ್ಪು ಮಾಡಿ ಚಪ್ಪಾಳೆ ಗಿಟ್ಟಿಸಿದವನು ನಾನು. ಟಿಬೆಟನ್ ನಿರಾಶ್ರಿತರು ನೆಲೆಸಿದ ಬೈಲಕುಪ್ಪೆ ಮೇಲೆ ಬರೆದ ಪದ್ಯ. ಜಾಗ ಕೊಟ್ಟದ್ದು ಆಗಿನ ಮೈಸೂರು ರಾಜ್ಯ, ಪದ್ಯದಲ್ಲಿ ದಾನಿಯ ಗತ್ತು ಮಾತ್ರ ನನ್ನದು! ಕವಿಗೋಷ್ಠಿಯಲ್ಲಿ ಒನ್ಸ್ ಮೋರ್ ಅಂದರು. ಹಿಂದೆ ಕೂತಿದ್ದ ಟಿಬೆಟನ್ ಹಿರಿಯರೊಬ್ಬರು ಆಮೇಲೆ ಬಂದು, ನಮ್ಮ ಕಡೆಯದೇ ಕನ್ನಡದಲ್ಲಿ ಕೇಳಿದರು: "ಸಾರ್, 60-61ರಲ್ಲಿ ನಮ್ಮೋರು ಬಂದಾಗ ಅಲ್ಲಿ ಬರೀ ಕಾಡು. ಕಡಿದು ಮುಸುಕಿನ ಜೋಳ ಹಾಕಿದ್ರು, ಆನೆ ಓಡಿಸಿದ್ರು. ನಿಮ್ಮ ಪದ್ಯದಲ್ಲಿ ಯಾಕೆ ಬರೀ ಅಳ್ತಾರೆ?"

ಉತ್ತರ ಹೊಳೆಯಲಿಲ್ಲ. ಟೀ ಕುಡೀತೀರಾ ಅಂದೆ. ಆ ಪದ್ಯ ಈಗ ಸಂಕಲನದಲ್ಲಿದೆ, ಕಿತ್ತುಹಾಕಲು ಆಗುವುದಿಲ್ಲ.

ನಿನ್ನದರಲ್ಲಿ ಒಂದು ಸಾಲು ತುಂಬಾ ಇಷ್ಟವಾಯಿತು. ಚೌಕಾಶಿಗೆ ಇಳಿದವನಿಗೆ ಅಜ್ಜಿ 'ಫಿಕ್ಸೆಡ್ ರೇಟ್' ಅಂದು ಮುಖ ತಿರುಗಿಸುವುದು. ಅಲ್ಲಿ ನೀನು ಕನಿಕರ ಮರೆತು ಅವರನ್ನು ನೋಡಿದ್ದೀಯ. ಲೂಧಿಯಾನದ ಸಗಟು ಮಾಲು, ತೀರಿಸಬೇಕಾದ ಸಾಲ, ಸೀಸನ್ ಮುಗಿಯುವುದರೊಳಗೆ ಎಷ್ಟು ಖಾಲಿ ಆಗಬೇಕು ಅನ್ನುವ ಲೆಕ್ಕ, ಎಲ್ಲ ತಲೆಯಲ್ಲಿಟ್ಟುಕೊಂಡ ವ್ಯಾಪಾರಿ ಅವರು. ಅಲ್ಲಿಂದಲೇ ಶುರುಮಾಡು. ಬಹುವಚನ ಹಾಕಿದರೆ ನಿನ್ನ ಪ್ರಾಸ ಕೆಡುತ್ತದೆ. ಕೆಡಲಿ.

ಡಿಸೆಂಬರ್‌ನಲ್ಲಿ ಅವರು ಮತ್ತೆ ಅಲ್ಲೇ ಅಂಗಡಿ ಹಾಕುತ್ತಾರೆ ಅಲ್ವಾ? ಹೋಗಿ ಹೆಸರು ಕೇಳು. ಹಾಗೇ ನನಗೊಂದು ಸ್ವೆಟರ್ ತಗೋ, ಬೂದು ಬಣ್ಣದ್ದು. ಚೌಕಾಶಿ ಮಾಡಬೇಡ.

ನಿನ್ನ ಅಣ್ಣ