ತೂಕಕ್ಕಿಂತ ಮೊದಲು ಸಿಕ್ಕ ಜಾಗ ದಾಖಲಾಗಲಿ

ಮಾನ್ಯ ಸಂಪಾದಕರೇ,

ನೆಲದಡಿ ಹಳೆಯ ಚಿನ್ನ ಸಿಕ್ಕ ಸುದ್ದಿ ಬಂದಾಗಲೆಲ್ಲ ಅದರ ತೂಕವೆಷ್ಟು, ಇಂದಿನ ಬೆಲೆಯೆಷ್ಟು ಎಂಬುದೇ ಮೊದಲ ಸಾಲಿನಲ್ಲಿರುತ್ತದೆ. ಒಡವೆ ಎಷ್ಟು ಆಳದಲ್ಲಿತ್ತು, ಯಾವ ಪಾತ್ರೆಯಲ್ಲಿತ್ತು, ಅದರ ಜೊತೆಗೆ ಇನ್ನೇನಿತ್ತು ಎಂಬ ವಿವರ ಬರುವುದು ಅಪರೂಪ. ಈ ವಿವರ ಕೈತಪ್ಪಿದರೆ ಆಗುವ ನಷ್ಟ ಎಂಥದ್ದು ಎಂಬುದಕ್ಕೆ ಬ್ರಿಟನ್ನಿನ ಎರಡು ರೋಮನ್ ನಿಧಿಗಳನ್ನು ನೋಡಬೇಕು.

ಥೆಟ್‌ಫರ್ಡ್‌ನಲ್ಲಿ 1979ರಲ್ಲಿ ಸಿಕ್ಕ ನಿಧಿಯಲ್ಲಿ 22 ಚಿನ್ನದ ಉಂಗುರಗಳಿದ್ದವು. ಸಿಕ್ಕವರು ತಿಂಗಳುಗಟ್ಟಲೆ ವಿಷಯ ಮುಚ್ಚಿಟ್ಟರು. ತಜ್ಞರಿಗೆ ತಿಳಿಯುವ ಹೊತ್ತಿಗೆ ಆ ಜಾಗದ ಮೇಲೆ ಕಟ್ಟಡ ಎದ್ದಿತ್ತು. ಜೊತೆಗೆ ನಾಣ್ಯಗಳು ಬಾರದ್ದರಿಂದ ಅದರ ಕಾಲವನ್ನು ವಸ್ತುಗಳ ಶೈಲಿ ನೋಡಿಯೇ ಅಂದಾಜಿಸಬೇಕಾಯಿತು.

1992ರ ನವೆಂಬರಿನಲ್ಲಿ ಹಾಕ್ಸನ್ ಗ್ರಾಮದಲ್ಲಿ ಆದದ್ದೇ ಬೇರೆ. ರೈತನೊಬ್ಬ ಹೊಲದಲ್ಲಿ ಕಳೆದುಕೊಂಡ ಸುತ್ತಿಗೆಯನ್ನು ಲೋಹಶೋಧಕದಿಂದ ಹುಡುಕುತ್ತಿದ್ದ ಅವನ ಸ್ನೇಹಿತರೊಬ್ಬರು, ಚಿನ್ನ-ಬೆಳ್ಳಿ ಕಂಡು ಒಂದಷ್ಟು ತೆಗೆದ ಮೇಲೆ ಅಗೆಯುವುದನ್ನು ನಿಲ್ಲಿಸಿ ಸಂಬಂಧಪಟ್ಟವರಿಗೆ ತಿಳಿಸಿದರು. ಮರುದಿನವೇ ಪುರಾತತ್ವಜ್ಞರು ಬಂದು ಉಳಿದದ್ದನ್ನು ಇದ್ದ ಜೋಡಣೆಯಲ್ಲೇ ಗುರುತಿಸಿ ತೆಗೆದರು. ಹಾಗಾಗಿಯೇ ಅದೆಲ್ಲ ಒಂದು ಓಕ್ ಮರದ ಪೆಟ್ಟಿಗೆಯಲ್ಲಿತ್ತು, ಅದರೊಳಗಿನ ಸಣ್ಣ ಪೆಟ್ಟಿಗೆಗಳಿಗೆ ಪುಟ್ಟ ಬೆಳ್ಳಿ ಬೀಗಗಳಿದ್ದವು ಎಂಬುದು ಗೊತ್ತಾಯಿತು. ಸುಮಾರು 15 ಸಾವಿರ ನಾಣ್ಯಗಳು ಜೊತೆಗಿದ್ದುದರಿಂದ ನಿಧಿಯನ್ನು ಹೂತದ್ದು ಕ್ರಿ.ಶ. 407ರ ನಂತರ ಎಂದು ಹೇಳಲು ಸಾಧ್ಯವಾಯಿತು. ಸುತ್ತಿಗೆಯೂ ಸಿಕ್ಕಿತು, ಈಗ ಅದೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಅಲ್ಲಿನ 29 ಚಿನ್ನದ ಒಡವೆಗಳಲ್ಲಿ ಒಂದು ಬಳೆಯ ತೆಳು ತಗಡನ್ನು ಜಾಲರಿಯಂತೆ ಕೊರೆದು ಅಕ್ಷರ ಮೂಡಿಸಿದ್ದಾರೆ: ಯೂಲಿಯಾನಾ ಎಂಬ ಒಡತಿ ಇದನ್ನು ಸಂತೋಷದಿಂದ ತೊಡಲಿ ಎಂಬ ಹಾರೈಕೆ ಅದು. ಎರಡೂ ಭುಜಗಳ ಮೇಲಿಂದ, ತೋಳುಗಳ ಕೆಳಗಿಂದ ಹಾದು ಮೈಗೆ ತೊಡುವ ಸರವೊಂದರ ಬೆನ್ನ ಕಡೆಯ ಪದಕದಲ್ಲಿ ಗ್ರೇಷಿಯನ್ ಚಕ್ರವರ್ತಿಯ ಚಿನ್ನದ ನಾಣ್ಯವನ್ನು ಕೂರಿಸಿದ್ದಾರೆ. ಎದೆಯ ಪದಕದಲ್ಲಿ ಖಾಲಿ ಉಳಿದ ಕುಂದಣಗಳಲ್ಲಿ ಮುತ್ತುಗಳಿದ್ದು ಮಣ್ಣಿನಲ್ಲಿ ಕರಗಿರಬಹುದು. ಆ ಖಾಲಿ ಕುಂದಣವನ್ನು ನೋಡಿ ಒಡವೆ ಮುಕ್ಕಾಗಿದೆ ಎಂದು ಬೆಲೆ ಇಳಿಸುವವರ ಕೈಗೆ ಅದು ಸಿಕ್ಕಿದ್ದರೆ ನಮಗೆ ಏನೂ ಉಳಿಯುತ್ತಿರಲಿಲ್ಲ.

ಇದು ನಮಗೆ ದೂರದ ಮಾತಲ್ಲ. ನಮ್ಮ ಊರಿನ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ದೊರೆತಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ದಕ್ಷಿಣ ಭಾರತದಲ್ಲಿ ರೋಮನ್ ಚಿನ್ನದ ನಾಣ್ಯಗಳಿಗೆ ತೂತು ಕೊರೆದು ಅಥವಾ ಕೊಂಡಿ ಬೆಸೆದು ಕೊರಳಿಗೆ ತೊಡುತ್ತಿದ್ದರು. ಅಂಥದ್ದೊಂದು ಸಿಕ್ಕರೆ ಉಜ್ಜಿ ತೊಳೆಯದೆ, ಅಂಟಿದ ಮಣ್ಣಿನ ಸಮೇತ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಎರಡೂ ಮುಖಗಳ ಚಿತ್ರ ತೆಗೆದು, ಜಾಗವನ್ನು ಗುರುತು ಮಾಡಿ, ಆಮೇಲೆ ತೂಗಬೇಕು. ಕರಗಿಸಿದ ಚಿನ್ನದಲ್ಲಿ ಯಾವ ತಜ್ಞನಿಗೂ ರೋಮ್ ಕಾಣುವುದಿಲ್ಲ.

ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ರಾಜ್ಯದಲ್ಲಿ 1962ರ ಕಾಯ್ದೆಯೇ ಇದೆ. ಆದರೆ ಪಾಯ ತೋಡುವ ಕೂಲಿಯವರಿಗೆ ಅದನ್ನು ತಲುಪಿಸುವವರು ಯಾರು? ಮುಂದೆ ಇಂಥ ಸುದ್ದಿ ಪ್ರಕಟಿಸುವಾಗ ಸಿಕ್ಕ ಸ್ಥಳ, ಆಳ ಮತ್ತು ಜೊತೆಗಿದ್ದ ವಸ್ತುಗಳ ವಿವರವನ್ನು ಬೆಲೆಗಿಂತ ಮೊದಲು ಕೊಡಬೇಕೆಂದೂ, ಯಾರಿಗೆ ತಿಳಿಸಬೇಕೆಂಬ ಒಂದು ಸಾಲನ್ನು ಪ್ರತಿಸಲವೂ ಸೇರಿಸಬೇಕೆಂದೂ ತಮ್ಮಲ್ಲಿ ಕೋರುತ್ತೇನೆ.

– ಓರ್ವ ಓದುಗ, ಚಿತ್ರದುರ್ಗ